ಶಫಿ ಭಾಯ್ ಹಾಕಿಕೊಟ್ಟ ಫೋರ್ಕು

ಶಿವಾಜಿನಗರದಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದ ಶಫಿ ಭಾಯ್ ಖಾಲಿ ಸೈಕಲನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಪಂಕ್ಚರ್ ಬಿಡಿ, ಅದು ಬೇರೆ ಮಾತು. ಸೈಕಲ್ ಓಲಾಡುತ್ತದೆ ಅಂತ ಹೋದರೆ, ದಿನಾ ಹೊರುವ ಭಾರ ಹೇರಿಕೊಂಡೇ ಹೋಗಬೇಕು. ವಯಸ್ಸಿನಲ್ಲಿದ್ದಾಗ ಸೈಕಲಿಗೆ ಬ್ರೆಡ್ ಪೆಟ್ಟಿಗೆ ಕಟ್ಟಿಕೊಂಡು ಕಂಟೋನ್ಮೆಂಟೆಲ್ಲ ತುಳಿದವರು, ಅದಕ್ಕೇ ಆ ಹಟ. ನನಗಿದು ತಿಳಿದದ್ದು ತೊಂಬತ್ತಮೂರನೇ ಇಸವಿಯಲ್ಲಿ, ಅದೂ ಜಗಳವಾಡಿ.

ನಾನು ಮುನಿಶಾಮಿ, ಕೃಷ್ಣರಾಜಪುರದವನು. ಮನೆಯಲ್ಲಿ ನಾಲ್ಕು ಹಸು; ಹಾಲೆಲ್ಲ ಹಲಸೂರಿನ ಜಟ್ಟೆಮ್ಮನ ಹೋಟೆಲಿಗೆ. ನನ್ನ ಹಳೇ ಸೈಕಲಿನಲ್ಲಿ ಮುಂಚಕ್ರ ಹಿಡಿಯುವ ಫೋರ್ಕು ಮುಂದಕ್ಕೆ ಬಾಗಿತ್ತು. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಕಂಡ ಹೊಸ ಸೈಕಲ್‌ಗಳದ್ದು ನೆಟ್ಟಗಿತ್ತು. ನನ್ನದೂ ಹಾಗೇ ಇರಲಿ ಅಂತ, ವೆಲ್ಡಿಂಗ್ ಅಂಗಡಿ ಇಟ್ಟಿದ್ದ ನನ್ನ ಬಾಮೈದ ಜಗನ್ ಬೇಡ ಬೇಡ ಅಂದರೂ ಕೇಳದೆ, ಕಾಯಿಸಿ ನೆಟ್ಟಗೆ ಮಾಡಿಸಿದೆ.

ಖಾಲಿಯಿದ್ದಾಗ ಚೆನ್ನಾಗೇ ಓಡಿತು. ಹಿಂದೆ ಎರಡು ಹಾಲಿನ ಕ್ಯಾನು, ಹ್ಯಾಂಡಲಿಗೊಂದು ಸಿಕ್ಕಿಸಿ ತಿರುವಿನಲ್ಲಿ ನಿಧಾನ ಮಾಡಿದೆನೋ, ಹ್ಯಾಂಡಲ್ ತಾನಾಗಿ ಒಂದು ಕಡೆಗೆ ವಾಲಿಬಿಡುತ್ತಿತ್ತು. ಎರಡು ಸಲ ಹಾಲು ರಸ್ತೆಪಾಲಾಯಿತು.

"ನಾಳೇನೂ ಚೆಲ್ಕೊಂಡು ಬಂದ್ರೆ ಬರ್ಲೇಬೇಡಪ್ಪ, ಪ್ಯಾಕೆಟ್ ಹಾಲು ತರಿಸ್ತೀನಿ" ಅಂದರು ಜಟ್ಟೆಮ್ಮ. ಆ ಹೋಟೆಲ್ ತಪ್ಪಿದರೆ ಹಸು ಮಾರುವುದೊಂದೇ ದಾರಿ.

ಅವತ್ತೇ ಶಫಿ ಭಾಯ್ ಹತ್ತಿರ ಓಡಿ, ಜಟ್ಟೆಮ್ಮ ಅಂದದ್ದನ್ನೂ ಹೇಳಿದೆ. ಕ್ಯಾನಿಗೆ ನೀರು ತುಂಬಿಸಿಕೊಂಡು ಬಾ ಅಂದರು. ನನಗೆ ಪಿತ್ತ ನೆತ್ತಿಗೇರಿತು. ಕೆಲಸ ಬರದಿದ್ದರೆ ಹೇಳಿ, ಆಟ ಆಡಿಸಬೇಡಿ ಅಂತ ಬೀದಿಗೆ ಕೇಳುವ ಹಾಗೆ ಕೂಗಾಡಿದೆ. ಅವರು ಚಕ್ರದ ಕಡ್ಡಿ ಬಿಗಿಯುತ್ತಲೇ ಇದ್ದರು. ಬೈದುಕೊಂಡೇ ನಲ್ಲಿಯಲ್ಲಿ ತುಂಬಿಸಿಕೊಂಡು ಬಂದೆ.

ನಿಧಾನಕ್ಕೆ ಓಡಿಸು ಅಂದು ಕುಕ್ಕರಗಾಲಲ್ಲಿ ಕೂತು ಚಕ್ರವನ್ನೇ ನೋಡಿದರು. ಫೋರ್ಕು ನೆಟ್ಟಗೆ ಮಾಡಿದ ಪುಣ್ಯಾತ್ಮ ಯಾರು ಅಂತ ಕೇಳಿದರು. ನಾನೇ ಮಾಡಿಸಿದ್ದು ಅಂತ ಎದೆಯುಬ್ಬಿಸಿ ಹೇಳಿದೆ. ಅವರು ಹಣೆ ಚಚ್ಚಿಕೊಂಡರು.

"ಅದು ಪೆಟ್ಟು ಬಿದ್ದು ಬಗ್ಗಿದ್ದಲ್ಲ ಮುನಿಶಾಮಿ, ಭಾರ ಹೊರೋಕೆ ಅಂತಾನೇ ಬಗ್ಸಿರೋದು. ಚಕ್ರ ಒಂಚೂರು ಮುಂದೆ ನಿಂತ್ರೆ ಹ್ಯಾಂಡಲ್ ಕೈಗೆ ಹಗುರ. ನೆಟ್ಟಗೆ ಮಾಡಿ ಚಕ್ರ ಒಳಗೆ ಎಳ್ಕೊಂಡ್ರೆ, ಭಾರ ವಾಲಿದ ಕಡೆಗೇ ಹ್ಯಾಂಡಲ್ ತಿರುಗುತ್ತೆ."

ಗೋಡೆಗೆ ಅವರ ಬ್ರೆಡ್ ಸೈಕಲ್ ತೂಗುಹಾಕಿತ್ತು. ಎಷ್ಟು ಜನ ಕೇಳಿದರೂ ಕೊಡದ ಸೈಕಲ್. ಅದನ್ನು ಇಳಿಸಿ, ಬಾಗಿದ ಫೋರ್ಕು ಬಿಚ್ಚಿ ನನ್ನದಕ್ಕೆ ಹಾಕಿದರು. ಭಾರ ತೀರಾ ಹಿಂದಕ್ಕೆ ಬೀಳದಿರಲಿ ಅಂತ ಹಿಂದಿನ ಕ್ಯಾನುಗಳ ಕೊಕ್ಕೆಯನ್ನೂ ಹಿಂಚಕ್ರದ ನಡುವಿನಿಂದ ನಾಲ್ಕು ಬೆರಳು ಮುಂದಕ್ಕೆ ತಂದರು.

ಮರುದಿನ ಹಲಸೂರಿನ ತಿರುವಿನಲ್ಲಿ ನಿಧಾನ ಮಾಡಿದೆ. ಹ್ಯಾಂಡಲ್ ಅಲುಗಲಿಲ್ಲ.

ಹೋಟೆಲಿನ ಬೆಂಚಿನ ಮೇಲೆ ಶಫಿ ಭಾಯ್ ಕೂತಿದ್ದರು, ಮುಂದೆ ಖಾಲಿ ಲೋಟ. ನಾನು ಮತ್ತೆಲ್ಲಿ ಚೆಲ್ಲಿಕೊಂಡು ಬರುತ್ತೇನೋ ಅಂತ ಜಟ್ಟೆಮ್ಮ ಪ್ಯಾಕೆಟ್ ಹಾಲು ತರಿಸಿ ಕಾಯಿಸಿಟ್ಟಿದ್ದರಂತೆ. ಇವರು ಅದರಲ್ಲಿ ಟೀ ಬೇಡ ಅಂದರಂತೆ.

"ಮುನಿಶಾಮಿ ಹಾಲು ಬರ್ಲಮ್ಮ, ಅದ್ರಲ್ಲೇ ಕುಡೀತೀನಿ."

ಜಟ್ಟೆಮ್ಮ ನನ್ನ ಕ್ಯಾನಿನ ಮುಚ್ಚಳದ ಸುತ್ತ ಬೆರಳಾಡಿಸಿದರು. ಒಣಗಿತ್ತು. ಪ್ಯಾಕೆಟ್‌ನವನಿಗೆ ನಾಳೆಯಿಂದ ಬೇಡ ಅಂತ ಹೇಳಿಕಳಿಸಿದರು. ಹಿಂದಿನ ದಿನ ಬಾಯಿಗೆ ಬಂದಂತೆ ಬೈದಿದ್ದ ನಾನು, ಮೊದಲ ಟೀಯನ್ನು ಎರಡೂ ಕೈಯಲ್ಲಿ ಹಿಡಿದು ಶಫಿ ಭಾಯ್‌ಗೆ ಕೊಟ್ಟೆ.