ರಾಜಮ್ಮನ ಜೋಡಿ ಕೊಕ್ಕೆ

ಎಷ್ಟೇ ಸಿಟ್ಟು ಬಂದರೂ ರಾಜಮ್ಮ ಬಲಗಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯನ್ನು ತೆಗೆಯುತ್ತಿರಲಿಲ್ಲ. ಒಂದು ಕಣ್ಣು ಎಲ್ಲರ ಕಣ್ಣಿನಂತೆ, ಇನ್ನೊಂದು ನಿಂಬೆಹಣ್ಣಿನಷ್ಟು. ಆ ದೊಡ್ಡ ಕಣ್ಣಿನ ಮುಂದೆ ಗಿರಾಕಿಗಳು ಎದುರು ಮಾತಾಡುತ್ತಿರಲಿಲ್ಲ. ನಾನು ಆಡಿದೆ. ಮೂವತ್ತೆರಡು ವರ್ಷ ವ್ಯಾಯಾಮ ಶಿಕ್ಷಕನಾಗಿ ಸೀಟಿ ಊದಿದವನು ನಾನು. ನನ್ನ ಮುಂದೆ ನಿಂತವರು ಸುಮ್ಮನಿರಬೇಕು, ಅಷ್ಟೇ.

ಮತ್ತಿಕೆರೆಯಲ್ಲಿ ರಾಜಮ್ಮನ ತಮ್ಮ ಕಟ್ಟಿಸಿದ ನಾಲ್ಕಂತಸ್ತಿನ ಕಟ್ಟಡ. ಮೇಲೆಲ್ಲ ಬಾಡಿಗೆಯ ಕಾಲೇಜು ಹುಡುಗರು, ಮೆಟ್ಟಿಲ ಕೆಳಗೆ ರಾಜಮ್ಮನ ಕೋಣೆ. ಗಡಿಯಾರದ ಕಾರ್ಖಾನೆಯಲ್ಲಿ ಅಕ್ಕಿಕಾಳಿಗಿಂತ ಚಿಕ್ಕ ತುಣುಕುಗಳನ್ನು ಅರದಿಂದ ಉಜ್ಜಿ ಕೂರಿಸಿದ ಕೈ ಅದು. ಕಾರ್ಖಾನೆ ಮುಚ್ಚಿದ ಮೇಲೆ ಹೊಲಿಗೆ ಯಂತ್ರ, ಮಿಕ್ಸಿ, ಬೀಗಗಳ ಮುರಿದ ಭಾಗಗಳನ್ನು ಹೊಸದಾಗಿ ಮಾಡಿಕೊಡುತ್ತಿದ್ದರು. ನಿಯಮ ಒಂದೇ: ಒಂಟಿ ಭಾಗ ಮುಟ್ಟುವುದಿಲ್ಲ. ಅದು ಯಾವುದಕ್ಕೆ ಕೂಡಿಕೊಳ್ಳುತ್ತದೋ ಅದನ್ನೂ ತರಬೇಕು. ಬೀಗವಿಲ್ಲದೆ ಕೀಲಿ ಮಾಡಿಸಲು ಬಂದವನಿಗೆ, "ಬೀಗ ಎಲ್ಲಪ್ಪಾ? ನಾನೇನ್ ಕಳ್ಳರಿಗೆ ಪಾಠ ಯೋಳೋ ಟೀಚರಾ?" ಎಂದು ಬೀದಿಗೆ ಕೇಳುವಂತೆ ಕೂಗಿದ್ದರು.

ಅಲ್ಲಾಳಸಂದ್ರದ ನಮ್ಮ ಬಡಾವಣೆಯ ಸಮುದಾಯ ಭವನದ ಮಾಳಿಗೆಯಲ್ಲಿ ಪ್ರತಿ ಶನಿವಾರ ಬೆಳಿಗ್ಗೆ ಆರೂವರೆಗೆ ನಾನು ಮಕ್ಕಳಿಗೆ ಗುರಿ ಹಿಡಿಯುವುದನ್ನು ಕಲಿಸುತ್ತಿದ್ದೆ. ಏರ್‌ಸಾಫ್ಟ್ ಗನ್ನು, ಸ್ಪ್ರಿಂಗಿನ ಬಲಕ್ಕೆ ಪ್ಲಾಸ್ಟಿಕ್ ಗುಂಡು ಹಾರುವ ಆಟದ ಬಂದೂಕು. ಎಳೆದ ಸ್ಪ್ರಿಂಗನ್ನು ಎರಡು ಪುಟ್ಟ ಕೊಕ್ಕೆಗಳು ಒಂದನ್ನೊಂದು ಕಚ್ಚಿ ಹಿಡಿದಿಡುತ್ತವೆ. ಟ್ರಿಗರ್ ಒತ್ತಿದರೆ ಕಚ್ಚು ಬಿಡುತ್ತದೆ. ಎರಡೂ ಅಗ್ಗದ, ಮೆತ್ತನೆಯ ಎರಕದ ಲೋಹದವು. ಒಂದರ ಮೂತಿ ಮುರಿಯಿತು. ಯಶವಂತಪುರದ ವೆಲ್ಡಿಂಗ್‌ನವನು ಬೆಸೆಯಲು ಹೋಗಿ ಅದನ್ನು ಮೇಣದಂತೆ ಕರಗಿಸಿದ. ಬುಧವಾರ ರಾಜಮ್ಮನ ಬಳಿ ಹೋದೆ.

ಶುಕ್ರವಾರ ಸಂಜೆಗೆ ಮುರಿದದ್ದರ ಬದಲು ಉಕ್ಕಿನದು ಸಿದ್ಧವಾಗಿತ್ತು. ಅದಕ್ಕೆ ಜೋಡಿಯಾಗುವ ಇನ್ನೊಂದನ್ನೂ ಉಕ್ಕಿನಲ್ಲೇ ಮಾಡುತ್ತೇನೆ ಎಂದಿದ್ದರು, ಅದಿನ್ನೂ ಆಗಿರಲಿಲ್ಲ.

"ಇನ್ನೊಂದ್ ವಾರ ಬುಡಿ ಮೇಷ್ಟ್ರೇ."

"ನಾಳೆ ಆರೂವರೆಗೆ ಮಕ್ಕಳು ಬರ್ತಾರೆ. ನನ್ನ ಕ್ಲಾಸು ಒಂದು ಸಲಾನೂ ತಪ್ಪಿಲ್ಲ."

"ತಪ್ಪಲಿ. ಒಂದಿನ ಕೆರೆ ಸುತ್ತ ಓಡ್ಸಿ ಮಕ್ಕಳ್ನ, ಅಸಿವಾದ್ರೂ ಆಯ್ತದೆ."

"ಮುರಿದಿದ್ದು ಒಂದು. ಒಂದು ಕೊಡಿ ಸಾಕು."

ದೊಡ್ಡ ಕಣ್ಣು ಮೇಲೆದ್ದಿತು. "ಒಂದು ಗಟ್ಟಿ, ಒಂದು ಮೆತ್ತಗೆ ಜೋಡಿ ಮಾಡಿದ್ರೆ ಮೆತ್ತಗಿರೋದು ಸವೆದ್ ಸಾಯ್ತದೆ. ಸಂಸಾರದಾಗೆ ನೋಡಿಲ್ವಾ?"

ನಾನು ತಟ್ಟೆಯಲ್ಲಿದ್ದ ಕೊಕ್ಕೆಯನ್ನೂ ಬಂದೂಕನ್ನೂ ಎತ್ತಿಕೊಂಡೆ. ಅವರು ತಡೆಯಲಿಲ್ಲ. "ನಾನ್ ಕೊಟ್ಟಿದ್ದಲ್ಲ, ನೀವ್ ಎತ್ಕಂಡಿದ್ದು. ಗ್ಯಾನ ಇರ್ಲಿ," ಎಂದರು.

ರಾತ್ರಿ ನಾನೇ ಜೋಡಿಸಿದೆ. ಶನಿವಾರ ಆರೂವರೆಗೆ ತರಗತಿ ನಡೆಯಿತು. ಐದು ಶನಿವಾರ ನಡೆಯಿತು.

ಆರನೆಯ ಶನಿವಾರ ಸ್ಪ್ರಿಂಗ್ ಎಳೆದ ಬಂದೂಕನ್ನು ಮೇಜಿನ ಮೇಲೆ ಇಟ್ಟು ಹಾಜರಿ ಕೂಗುತ್ತಿದ್ದೆ. ಹಾಗೆ ಇಡಬಾರದು ಎಂದು ಗೋಡೆಗೆ ಬರೆದು ಹಾಕಿದವನೂ ನಾನೇ. ಮಕ್ಕಳೆಲ್ಲ ನೆಲದ ಹಳದಿ ಗೆರೆಯ ಹಿಂದೆಯೇ ಇದ್ದರು. ಯಾರೂ ಮುಟ್ಟದೆ ಗುಂಡು ಹಾರಿತು. ಹನ್ನೆರಡು ವರ್ಷದ ಕೀರ್ತನಾಳ ಕೆನ್ನೆ, ಕನ್ನಡಕದಿಂದ ಒಂದು ಬೆರಳು ಕೆಳಗೆ, ಕಡಲೆಕಾಳಿನಷ್ಟು ಊದಿಕೊಂಡಿತು. ಅವಳ ತಾಯಿ ಬಂದು ಕೇಳಿದಾಗ, "ಹಳದಿ ಗೆರೆ ದಾಟಿ ಮೇಜಿಗೆ ತಾಗಿದಳು," ಎಂದುಬಿಟ್ಟೆ. ಹುಡುಗಿ ನೆಲ ನೋಡಿದಳು. ಮತ್ತೆ ಬರಲಿಲ್ಲ.

ಅದೇ ದಿನ ಮತ್ತಿಕೆರೆಗೆ ಹೋಗಿ ಬಂದೂಕನ್ನು ರಾಜಮ್ಮನ ಮುಂದೆ ಕುಕ್ಕಿದೆ. "ನೋಡಿ ನಿಮ್ಮ ಕೆಲಸ! ಒಂದು ಮಗು ಕಣ್ಣು ಹೋಗ್ತಿತ್ತು!"

ಅವರು ಬಿಚ್ಚಿದರು. ಉಕ್ಕಿನ ಕೊಕ್ಕೆ ಹೊಸದರಂತೆಯೇ ಇತ್ತು. ಎರಕದ ಕೊಕ್ಕೆಯ ಅಂಚು ಚಪ್ಪರಿಸಿದ ಪೆಪ್ಪರಮಿಂಟಿನಂತೆ ಸವೆದಿತ್ತು. ಎರಡನ್ನೂ ತಟ್ಟೆಗೆ ಹಾಕಿದರು.

"ಮಗು ಮನೆಯೋರ್ಗೆ ಏನಂದ್ರಿ?"

"ಗೆರೆ ದಾಟಿದ್ಲು ಅಂದೆ."

"ದಾಟಿದ್ಲಾ?"

ರಾಜಮ್ಮ ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟರು. ಅವರ ಎರಡೂ ಕಣ್ಣು ಒಂದೇ ಅಳತೆಗೆ ಬಂದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಬಂದೂಕನ್ನು ಮೇಜಿನ ಕೆಳಗೆ ತಳ್ಳಿದರು.

"ಓಗಿ ನಿಜ ಯೋಳಿ ಬನ್ನಿ. ಆಮೇಲ್ ತಕಂಡೋಗಿ."

"ನನಗೆ ಬುದ್ಧಿ ಹೇಳೋಕೆ ನೀವ್ಯಾರ್ರೀ?"

"ಕೊಕ್ಕೆ ಮಾಡೋಳು. ಓಗಿ."

ಎರಡು ತಿಂಗಳು ಆ ಕಡೆ ತಲೆ ಹಾಕಲಿಲ್ಲ. ದಿನವೂ ನಡೆಯುವಾಗ ಮನಸ್ಸಿನಲ್ಲೇ ಅವರನ್ನು ಬೈದೆ. ನನ್ನ ವಸ್ತು, ನನ್ನ ಮಕ್ಕಳು, ಇವರಿಗೇನು ಅಧಿಕಾರ? ಕೊನೆಗೊಂದು ಮಧ್ಯಾಹ್ನ, ಜಗಳ ಮಾಡಿಯಾದರೂ ತರುತ್ತೇನೆಂದು ಮಾತುಗಳನ್ನು ಸಾಲಾಗಿ ಜೋಡಿಸಿಕೊಂಡು ಹೊರಟೆ. ಅವರ ಬೀದಿಯ ತಿರುವಿನಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟಿದ್ದರು. ಫೋಟೊದಲ್ಲಿ ಎರಡೂ ಕಣ್ಣು ಒಂದೇ ಅಳತೆ. ಮೊದಲು ಗುರುತೇ ಸಿಗಲಿಲ್ಲ. ರಾಜಮ್ಮನದೇ ಎಂದು ಗುರುತು ಸಿಕ್ಕ ಮೇಲೂ ಸಿಟ್ಟು ಇಳಿಯಲಿಲ್ಲ, ಇನ್ನೂ ಹೆಚ್ಚಾಯಿತು. ಜಗಳ ಅರ್ಧಕ್ಕೇ ಬಿಟ್ಟು ಹೋಗುವುದೇ?

ಕೋಣೆಯಲ್ಲಿ ಅವರ ತಮ್ಮನ ಮಗಳು ಸುಮಾ ಅರಗಳನ್ನು ಒರೆಸಿ ಡಬ್ಬಿಗೆ ಹಾಕುತ್ತಿದ್ದಳು. ಹೆಸರು ಹೇಳಿದೆ. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ್ದ ಬಂದೂಕನ್ನು ತಂದಳು.

"ಅತ್ತೆ ಇನ್ನೊಂದು ಕೊಕ್ಕೇನೂ ಮಾಡಿ ಜೋಡಿಸಿಟ್ಟಿದ್ರು ಅಂಕಲ್. ನೀವು ಬಂದು ಹೋದ ವಾರಾನೇ."

ಕೈ ಚಾಚಿದೆ. ಅವಳು ಬಿಡಲಿಲ್ಲ.

"ಹೇಳಿ ಬಂದ್ರಾ ಅಂತ ಕೇಳಿ ಆಮೇಲೆ ಕೊಡು ಅಂದಿದ್ರು. ಹೇಳಿ ಬಂದ್ರಾ?"

"ಏನು ಹೇಳ್ಬೇಕಂತೆ?"

"ಅದು ನಂಗೊತ್ತಿಲ್ಲ. ಕೇಳಿದ್ರೆ, ನಿಂಗ್ಯಾಕೆ, ಮೇಷ್ಟ್ರಿಗೆ ಗೊತ್ತು ಅಂದ್ರು."

ಇಡೀ ಬೀದಿಗೆ ಕೇಳುವಂತೆ ಕೂಗುತ್ತಿದ್ದ ಹೆಂಗಸು ಇದನ್ನು ಮನೆಯವರಿಗೂ ಹೇಳಿರಲಿಲ್ಲ. ಜೋಡಿಸಿಕೊಂಡು ಹೋಗಿದ್ದ ಮಾತುಗಳಲ್ಲಿ ಒಂದೂ ಉಳಿಯಲಿಲ್ಲ.

"ಇಲ್ಲ," ಎಂದೆ.

"ಆರು ಗಂಟೆವರೆಗೂ ಇರ್ತೀನಿ ಅಂಕಲ್," ಎಂದು ಸುಮಾ ಬಂದೂಕನ್ನು ಮತ್ತೆ ಸೀರೆಯ ತುಂಡಿನಲ್ಲಿ ಸುತ್ತಿದಳು.

ನಾಲ್ಕೂ ಮುಕ್ಕಾಲಿಗೆ ಅಲ್ಲಾಳಸಂದ್ರದಲ್ಲಿ ಆ ಹುಡುಗಿಯ ಮನೆಯ ಗಂಟೆ ಒತ್ತಿದೆ. ಕೀರ್ತನಾಳೇ ಬಾಗಿಲು ತೆಗೆದಳು. ಕೆನ್ನೆಯ ಮೇಲೆ ಏನೂ ಉಳಿದಿರಲಿಲ್ಲ.

"ನೀನು ಗೆರೆ ದಾಟಿರಲಿಲ್ಲ," ಎಂದೆ.

"ಗೊತ್ತು ಸಾರ್," ಎಂದಳು.

ಹೊರಟುಬಿಡಬಹುದಿತ್ತು. ಆರು ಗಂಟೆಯೊಳಗೆ ಮತ್ತಿಕೆರೆ ಮುಟ್ಟಬಹುದಿತ್ತು. ಒಳಗಿನಿಂದ ತಾಯಿ, "ಯಾರೇ ಅದು?" ಎಂದರು. ಚಪ್ಪಲಿ ಬಿಚ್ಚಿ ಒಳಗೆ ಹೋದೆ.