ನನ್ನ ಓರಗಿತ್ತಿಯ ಓಟದ ವಾಚು

ಎಡಗೈಯಲ್ಲಿ ಹಸಿರು ಗಾಜಿನ ಬಳೆಗಳು; ಬಳೆಗಳಾಚೆ, ಮೊಣಕೈ ಕಡೆಗೆ, ಬಿಗಿದು ಕಟ್ಟಿದ ದಪ್ಪ ಕರಿ ವಾಚು. ಚೂಡಿದಾರದ ವೇಲನ್ನು ಸೊಂಟಕ್ಕೆ ಸುತ್ತಿಕೊಂಡು ಅವಳು ಕೆರೆ ಏರಿಯ ಮೇಲೆ ಓಡಿ ಬರುವಾಗ ಮೊದಲು ಬಳೆಯ ಸದ್ದು ಬರುತ್ತಿತ್ತು, ಆಮೇಲೆ ಅವಳು. ನನ್ನ ಓರಗಿತ್ತಿ, ಮೈದುನನ ಹೆಂಡತಿ. ಸಮೇತನಹಳ್ಳಿಯಲ್ಲಿ ನಮ್ಮಿಬ್ಬರ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಅವಳ ಕುಕ್ಕರ್ ಕೂಗಿದರೆ ನಾನೆದ್ದು ನಮ್ಮ ಸ್ಟವ್ ಆರಿಸಲು ಹೋದದ್ದೂ ಉಂಟು.

ದಿನಾ ನಡೆಯಬೇಕೆಂದು ಡಾಕ್ಟರು ಹೇಳಿದ್ದು ನನಗೆ. ಸಕ್ಕರೆ ಕಾಯಿಲೆ ನನ್ನದು. ಒಬ್ಬಳೇ ಹೋಗಲು ಬೇಜಾರೆಂದು ಅವಳನ್ನು ಎಬ್ಬಿಸಿಕೊಂಡು ಹೋದವಳೂ ನಾನೇ. ಕೆಲವು ದಿನ ಸಾರು, ಹಸು, ಮಕ್ಕಳು ಎಂದು ಮಾತಾಡುತ್ತ ಜೊತೆಯಲ್ಲೇ ನಡೆದಳು. ಒಂದು ಬೆಳಿಗ್ಗೆ, "ಒಂಚೂರು ಓಡಿ ನೋಡ್ತೀನಿ, ತಡಿಯಕ್ಕ" ಅಂದವಳು ಏರಿಯುದ್ದಕ್ಕೂ ಓಡಿಹೋಗಿ ತಿರುಗಿ ಬಂದಳು. ಏದುಸಿರೂ ಇಲ್ಲ. ಅವತ್ತೇ ನನ್ನ ಹೊಟ್ಟೆಯಲ್ಲಿ ಉರಿ ಶುರುವಾಯಿತು.

"ಕೂತ್ರೆ ಕೂತೇಬಿಡ್ತೀವಿ, ಏಳಕ್ಕ" ಅನ್ನುವುದು ಅವಳ ಮಾತು. ಮಧ್ಯಾಹ್ನ ಊಟವಾಗಿ ನಾನು ಗೋಡೆಗೊರಗಿದಾಗಲೂ ಅದನ್ನೇ ಅನ್ನುತ್ತಿದ್ದಳು.

ಹೊಸ ಲೇಔಟಿನ ಹೆಂಗಸರು ಅವಳ ಜೊತೆ ಓಡತೊಡಗಿದರು. "ಆಂಟಿ ಸೂಪರ್!" ಅನ್ನುವರು. ನನಗೆ ಬರೀ ನಮಸ್ತೆ. ಅವರೆಲ್ಲರ ಕೈಯಲ್ಲೂ ಓಡಿದ ದೂರ ತೋರಿಸುವ ವಾಚಿತ್ತು, ಇವಳಿಗೂ ಬೇಕೆನಿಸಿತು. ವಾಚು ಆರಿಸಲು ಹೊಸಕೋಟೆಗೆ ನನ್ನನ್ನೂ ಹೊರಡಿಸಿದಳು.

"ನಾನ್ಯಾಕೇ? ಆ ಲೇಔಟಿನೋರನ್ನ ಕರ್ಕೊಂಡೋಗು."

"ನೀನು ಸೊಪ್ಪಿನ ಕಟ್ಟನ್ನೂ ಬಿಚ್ಚಿ ನೋಡೋಳು. ನೀನಿದ್ರೆ ಮೋಸ ಆಗಲ್ಲ."

ಅಂಗಡಿಯವನು ಮೊದಲು ಬೆರಳಲ್ಲಿ ಸವರುವ, ಬಣ್ಣ ಬಣ್ಣದ ಗಾಜಿನ ವಾಚನ್ನು ಮುಂದಿಟ್ಟ. ಅವಳು ಬಾಟಲಿ ನೀರಲ್ಲಿ ಬೆರಳದ್ದಿ ಅದರ ಮೇಲೆ ಸವರಿದಳು. ಗಾಜಿನೊಳಗಿನ ಚಿತ್ರ ಅಲ್ಲಾಡಲಿಲ್ಲ. "ಬೆವ್ರಿದ್ರೂ ಹಿಂಗೇ ತಾನೆ? ಬೇಡ, ಗುಂಡಿ ಇರೋದು ಕೊಡಿ" ಅಂದಳು. ಗುಂಡಿಯದನ್ನು ಕಟ್ಟಿಕೊಂಡು, ಜನ ನೋಡುತ್ತಿದ್ದಂತೆಯೇ ರಸ್ತೆಗಿಳಿದು ಬೇಕರಿ ತನಕ ಓಡಿ ಬಂದಳು. ವಾಚು ನಡುವೆಯೇ ಎಣಿಕೆ ನಿಲ್ಲಿಸಿಬಿಟ್ಟಿತ್ತು. ಬಳೆ ತಾಕಿ ಗುಂಡಿ ಒತ್ತಿಕೊಂಡಿತ್ತು.

"ಬಳೆ ತೆಗೆದ್ಬಿಡಿ ಮೇಡಂ, ಸರಿಹೋಗುತ್ತೆ."

"ಯಾಕಪ್ಪಾ, ನನ್ನ ಗಂಡ ಚೆನ್ನಾಗೇ ಇದಾನೆ!"

ಅಂಗಡಿಯೇ ನಕ್ಕಿತು. ಅಂಗಡಿಯವನ ಮುಖ ಕೆಂಪಾಯಿತು. "ಬಳೆ ದಾಟಿಸಿ ಮೇಲಕ್ಕೆ ಕಟ್ಕೊಳೇ" ಅಂದೆ ನಾನು. ಮತ್ತೆ ಬೇಕರಿ ತನಕ ಓಡಿದಳು. ಈ ಸಲ ಎಣಿಕೆ ನಿಲ್ಲಲಿಲ್ಲ. "ನೋಡಿದ್ರಾ, ನಮ್ಮಕ್ಕನ ತಲೆ!" ಎಂದು ಎಲ್ಲರಿಗೂ ಕೇಳುವಂತೆ ಹೊಗಳಿದಳು. ಅದೂ ನನಗೆ ಹಿಡಿಸಲಿಲ್ಲ. ಓಡುವ ಕಾಲು ಅವಳದು, ಹೊಗಳುವ ದೊಡ್ಡ ಮನಸ್ಸೂ ಅವಳದೇ, ನನಗೇನು ಉಳಿಯಿತು?

ಕೊನೆಗೆ ಅವಳು ಇನ್ನೊಂದು ಕೇಳಿದಳು. "ನಾನೆಲ್ಲಿ ಓಡ್ತಾ ಇದೀನಿ ಅಂತ ಅಕ್ಕನ ಫೋನಲ್ಲಿ ಕಾಣ್ಸುತ್ತಾ?"

"ನಿಮ್ ಫೋನೂ ಜೊತೇಲಿಟ್ಕೊಂಡ್ರೆ ಕಾಣ್ಸುತ್ತೆ ಮೇಡಂ."

"ಹಂಗಾದ್ರೆ ಮಾಡ್ಕೊಡಿ. ಹಿಂದೆ ಉಳ್ಕೊಂಡೆ ಅಂತ ಅವಳಿಗೆ ಬೇಜಾರು."

ಅಷ್ಟು ಜನರ ಮುಂದೆ! "ಯಾರಿಗೇ ಬೇಜಾರು? ನನ್ ಪಾಡಿಗೆ ನಾನು ನಡೀತೀನಿ" ಅಂದೆ.

"ಗೊತ್ತು, ಬಾರಕ್ಕ."

ಮಾರನೆಯ ದಿನದಿಂದ ಅವಳು ನನ್ನ ಫೋನಿನಲ್ಲಿ ಒಂದು ನೀಲಿ ಚುಕ್ಕಿ. ಮೊದಲಾದರೆ ಕಣ್ಣಿಗೆ ಮರೆಯಾದ ಮೇಲೆ ಸಮಾಧಾನವಿತ್ತು; ಈಗ ಎಷ್ಟು ಮುಂದಿದ್ದಾಳೆಂಬುದೂ ಅಂಗೈಯಲ್ಲೇ. ಚುಕ್ಕಿ ನೋಡುತ್ತ ನೋಡುತ್ತ ನನ್ನ ಹೆಜ್ಜೆ ತಾನಾಗಿ ಬಿರುಸಾಗುತ್ತಿತ್ತು. "ಇವತ್ತು ಬೇಗ ಸಿಕ್ಬಿಟ್ಯಲ್ಲಕ್ಕ!" ಅನ್ನುವಳು. "ನೀನೇ ನಿಧಾನ" ಅನ್ನುತ್ತಿದ್ದೆ.

ಈ ವರ್ಷ ಯುಗಾದಿ ಕಳೆದ ಮೇಲೆ ಮೈದುನ ಕುಂದಾಣದ ಕಡೆ ಹೂವಿನ ತೋಟ ಮಾಡಲು ಹೋದ, ಅವಳೂ ಹೋದಳು. ಪಕ್ಕದ ಮನೆಗೆ ಬೀಗ. ಮುಂದೆ ಓಡುವವರೇ ಇಲ್ಲದ ಮೇಲೆ ಇನ್ನೇನು ನಡೆಯುವುದೆಂದು ಕಾಫಿ ಹಿಡಿದು ಕೂತಿದ್ದೆ. ಫೋನು ಟಿಂಗ್ ಅಂದಿತು. ನಾನು ಕಾಣದ ದಾರಿಯಲ್ಲಿ ನೀಲಿ ಚುಕ್ಕಿ ಹೊರಟಿತ್ತು. ಕಾಫಿ ಅರ್ಧಕ್ಕೇ ಬಿಟ್ಟು ಎದ್ದೆ. ಇವತ್ತಿಗೂ ನನ್ನನ್ನು ಮನೆಯಿಂದ ಹೊರಡಿಸುವವಳು ಅವಳೇ. ಅದನ್ನು ಅವಳಿಗೆ ಹೇಳಿಲ್ಲ.

ನಿನ್ನೆ ಬೆಳಿಗ್ಗೆ ಫೋನು ಮಾಡಿದ್ದಳು. "ಹೋಗಿದ್ಯಾ ಅಕ್ಕ?"

"ಹೋಗಿದ್ದೆ."

"ಎಲ್ಲಿವರ್ಗೂ?"

"ಏರಿ ಪೂರ್ತಿ" ಅಂದೆ. ಅರ್ಧಕ್ಕೇ ತಿರುಗಿ ಬಂದಿದ್ದೆ. ಅವಳು ಫೋನಿಟ್ಟ ಮೇಲೆ ಮತ್ತೆ ಚಪ್ಪಲಿ ಮೆಟ್ಟಿಕೊಂಡು, ಬಿಸಿಲೇರುವ ಮೊದಲೇ ಪೂರ್ತಿ ಹೋಗಿ ಬಂದೆ.