ನೆಲದ ಕೌದಿಗೊಂದು ಮಷಿನ್

ತಿಪ್ಪೆಯ ಗೊಬ್ಬರ ಹದಕ್ಕೆ ಬಂದಿದೆಯೋ ಇಲ್ಲವೋ ಎಂಬುದನ್ನು ನಮ್ಮ ಅತ್ತೆ ಮೂಗಿನಿಂದ ನೋಡುತ್ತಿದ್ದರು. ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಒಂದು ಹಿಡಿ ಎತ್ತಿ, ಮುಖದ ಹತ್ತಿರ ತಂದು ಕಣ್ಣು ಮುಚ್ಚುತ್ತಿದ್ದರು. ಮುಷ್ಟಿ ಎಷ್ಟು ಹತ್ತಿರ ಬರುತ್ತಿತ್ತೆಂದರೆ ನತ್ತಿನ ಮೇಲೆ ಕರಿಯ ಪುಡಿ ಅಂಟಿಕೊಂಡು, ಅವರು ಮನೆಗೆ ಬಂದು ರೊಟ್ಟಿ ಬಡಿಯುವಾಗಲೂ ಅಲ್ಲೇ ಇರುತ್ತಿತ್ತು. ಹೇಳುವ ಧೈರ್ಯ ನನಗಿರಲಿಲ್ಲ. "ಇನ್ನೂ ಕಟಗಿ ವಾಸನಿ ಐತಿ," ಎನ್ನುತ್ತಿದ್ದರು. "ನಿದ್ದಿ ಆಗಿಲ್ಲ ಅದಕ್ಕ. ಮಲಗ್ಲಿ ಬಿಡು."

ನಾನು ಕಾರಟಗಿ ಕಡೆಯವಳು. ಮನೆಯ ಹಿಂದೆ ಕಾಲುವೆ, ಮುಂದೆ ಗದ್ದೆ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಕುಷ್ಟಗಿ ಹತ್ತಿರದ ಈ ಊರಿಗೆ ಸೊಸೆಯಾಗಿ ಬಂದೆ. ಇಲ್ಲಿ ಮಧ್ಯಾಹ್ನವೆಂದರೆ ಬರೀ ಬೆಳಕು. ಹೊಲ ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಯಿತೆಂದು ತಿಳಿಯುತ್ತಿರಲಿಲ್ಲ. ನಾನು ಕೊಡ ಕಂಕುಳಲ್ಲಿಟ್ಟುಕೊಂಡು ಅದನ್ನೇ ನೋಡುತ್ತ ನಿಂತುಬಿಡುತ್ತಿದ್ದೆ. ಊರ ಹೆಂಗಸರು ನನಗೆ 'ನೀರಾವರಿ ಸೊಸಿ' ಎಂದು ಹೆಸರಿಟ್ಟರು. ಗಂಡ ಯಲಬುರ್ಗಾದಲ್ಲಿ ಮಾಸ್ತರರು; ಶನಿವಾರದ ಬಸ್ಸಿಗೆ ಬಂದು ಸೋಮವಾರದ ಬಸ್ಸಿಗೆ ಹೋಗುವವರು. ಹೀಗಾಗಿ ನನ್ನ ಸಂಸಾರವೆಲ್ಲ ಅತ್ತೆಯ ಜೊತೆಗೇ ಎನ್ನಬೇಕು.

ಬಾವಿಯ ಮಗ್ಗುಲಿಗೆ ಅರ್ಧ ಎಕರೆಯಲ್ಲಿ ಅತ್ತೆ ನಲವತ್ತು ದಾಳಿಂಬೆ ಸಸಿ ಹಚ್ಚಿದ್ದರು. ಮಾವನವರಿಗೆ ಅದು ಹೆಂಗಸರ ಆಟವಾಗಿ ಕಂಡಿತ್ತು. "ಈ ಬ್ಯಾಸಿಗಿ ದಾಟಿದ್ರ ತ್ವಾಟ ನಿನ್ನದು. ಇಲ್ಲಾಂದ್ರ ಹರಗಿ ಸಜ್ಜಿ ಬಿತ್ತೋದ," ಎಂದುಬಿಟ್ಟಿದ್ದರು. ಮದುವೆಯಾಗಿ ಬಂದಾಗಿನಿಂದ ಅತ್ತೆ ತಮಗೆಂದು ಕೇಳಿದ್ದು ಆ ತುಂಡು ನೆಲ ಒಂದೇ.

ಬಾವಿಯಲ್ಲಿ ನೀರು ಕಡಿಮೆ. ಅದಕ್ಕೆ ಅತ್ತೆ ಸಸಿಯ ಬುಡಕ್ಕೆಲ್ಲ ತೊಗರಿ ಕಟಿಗೆಯ ತುಂಡುಗಳನ್ನು ದಪ್ಪಗೆ ಹಾಸುತ್ತಿದ್ದರು. ಅದನ್ನವರು ಕೌದಿ ಎನ್ನುತ್ತಿದ್ದರು. "ನೆಲಕ್ಕೊಂದು ಕೌದಿ ಹೊಚ್ಚಬೇಕವಾ. ಬರೀ ಮೈಲೆ ಬಿಸಲಾಗ ಎಷ್ಟೊತ್ತು ಕುಂತೀತು ಅದು." ಉಳಿದ ತುಂಡು ತಿಪ್ಪೆಗೆ ಹೋಗುತ್ತಿತ್ತು. ಇಡೀ ಕಟಿಗೆ ಕೊಳೆಯಲು ಎರಡು ಮಳೆಗಾಲ ಬೇಕು. ಗೇಣುದ್ದ ಕಡಿದರೆ ಒಂದೇ ಸಾಕು. ಇದನ್ನೆಲ್ಲ ಕೊಡಲಿಯಿಂದ ಕಡಿದು ಕಡಿದು ಮಾಡಿದವರು, ಆ ವರ್ಷ ಸುಗ್ಗಿಯಲ್ಲಿ ಬಂಡಿಯಿಂದ ಬಿದ್ದು ಬಲಭುಜ ಮುರಿದುಕೊಂಡರು. ಕೈ ಎತ್ತಲು ಬರದಂತಾಯಿತು. ಆಗ ದನದ ಮೇವಿನ ಕಣಿಕಿ ಕತ್ತರಿಸುವ ಮಷಿನ್ನಿನ ಮಾತು ಬಂತು.

ಕೊಪ್ಪಳಕ್ಕೆ ನಾವಿಬ್ಬರೇ ಹೊರಟೆವು. ಅತ್ತೆ ಬಗಲಲ್ಲಿ ಒಂದು ಹೊರೆ ತೊಗರಿ ಕಟಿಗೆ ಹಿಡಿದು ಬಸ್ಸು ಹತ್ತಿದರು. ಕಂಡಕ್ಟರು, "ಯವ್ವಾ, ಪ್ಯಾಟಿಗೆ ಯಾರರ ಕಟಗಿ ಒಯ್ತಾರೇನು," ಎಂದ.

"ಮಷಿನ್ ಇದನ್ನ ತಿಂತೈತೋ ಇಲ್ಲೋ ನೋಡಬೇಕಪಾ. ಕನ್ಯಾ ನೋಡಾಕ ಹೋಗೋರು ಬರಿಗೈಲೆ ಹೋಗ್ತಾರೇನು."

ಬಸ್ಸಿನ ತುಂಬ ನಗು. ನಾನು ಕಿಟಕಿಗೆ ತಲೆ ಕೊಟ್ಟು ನಾಚಿಕೊಂಡೆ, ಆಮೇಲೆ ನಿದ್ದೆ ಹೋದೆ. ಕಟಿಗೆಯ ಒಣ ವಾಸನೆ, ಅತ್ತೆಯ ಎಲೆಅಡಿಕೆಯ ವಾಸನೆ ಎರಡೂ ಕನಸಿನೊಳಕ್ಕೆ ಬಂದದ್ದು ಇನ್ನೂ ನೆನಪಿದೆ.

ಅಂಗಡಿಯವರು ಮೊದಲು ಕೇಳಿದ್ದು, "ಎಷ್ಟು ಎಮ್ಮಿ ಅದಾವ್ರಿ?"

"ಎಮ್ಮಿಗಲ್ಲಪಾ, ನೆಲಕ್ಕ."

ಅವರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ಅಲ್ಲಿದ್ದದ್ದು ಎರಡು ಮಷಿನ್. ಮೂಲೆಯಲ್ಲಿ ಯಾರೋ ಬಳಸಿ ಬಿಟ್ಟ ಹಳೆಯದು: ದಪ್ಪ ಗಾಲಿ, ಒಂದೇ ಅಲಗು, ಮೈಯೆಲ್ಲ ಜಿಡ್ಡು. ಅತ್ತೆ ಅದಕ್ಕೆ ತಮ್ಮ ಕಟಿಗೆ ಕೊಟ್ಟರು, ಅಂಗಡಿಯವರು ತಿರುವಿದರು, ಗೇಣುದ್ದದ ತುಂಡುಗಳು ದಡದಡ ಬಿದ್ದವು. ಇನ್ನೊಂದು ಹೊಸದು, ಹಸಿರು ಬಣ್ಣ, ಎರಡು ಅಲಗು. ಅದಕ್ಕೆ ಕಟಿಗೆ ಹಾಕಲು ಹೋದರೆ, "ಹೊಸಾ ಮಾಲ್ರಿ ಯವ್ವಾ, ಕಣಿಕಿ ಹಾಕಿ ನೋಡ್ರಿ," ಎಂದು ಅವರೇ ಜೋಳದ ದಂಟು ಕೊಟ್ಟರು. ಬೆರಳುಗೆಣ್ಣಿನಷ್ಟು ಸಣ್ಣಗೆ, ಸದ್ದೇ ಇಲ್ಲದೆ ಕತ್ತರಿಸಿತು.

ಅತ್ತೆ ನನ್ನ ಕಡೆ ತಿರುಗಿ, "ಯಾವ್ದು ತಗೊಳ್ಳೋದು, ನೀ ಹೇಳು," ಎಂದರು.

"ನನಗೇನು ತಿಳೀತೈತ್ರಿ ಅತ್ತಿ."

"ಗಾಲಿ ತಿರುವಾಕಿ ನೀನು. ತಿರುವೋರ ಆರಿಸಬೇಕು."

ಇದು ಅವರ ಕ್ರಮ. ಕುಡುಗೋಲಿರಲಿ, ಮೊರವಿರಲಿ, ಯಾರು ಹಿಡಿಯುತ್ತಾರೋ ಅವರ ಕೈಗೆ ಕೊಟ್ಟು ನೋಡದೆ ಮನೆಯೊಳಗೆ ತರುತ್ತಿರಲಿಲ್ಲ. ನಾನು ಹಳೆಯದನ್ನು ತಿರುವಿ ನೋಡಿದೆ. ಎರಡು ಸುತ್ತು ಹಾಕುವಷ್ಟರಲ್ಲಿ ತೋಳು ಸೋತಿತು. ಹೊಸದನ್ನು ಮುಟ್ಟಿದರೆ ಸಾಕು, ತಿರುಗುತ್ತಿತ್ತು. ಅದರ ಕಡ್ಡಿಗಳ ಸಂದಿಯಿಂದ ಬಿಸಿಲು ಅಂಗಡಿಯ ನೆಲದ ಮೇಲೆ ಸುತ್ತುತ್ತಿದ್ದುದನ್ನು ನೋಡುತ್ತ ನಾನು ತಿರುವುತ್ತಲೇ ಇದ್ದೆ. "ಇದ ಇರ್ಲಿರಿ," ಎಂದೆ. ಅತ್ತೆ ಹಳೆಯದರ ಕಡೆ ಒಮ್ಮೆ ನೋಡಿ, "ಆತು," ಎಂದರು. ಅಷ್ಟೇ.

ಮನೆಗೆ ತಂದ ಮೇಲೆ ನನ್ನ ಬುದ್ಧಿ ನನಗೆ ತಿಳಿಯಿತು. ಕಟಿಗೆ ಹಾಕಿದರೆ ಗಾಲಿ ಕಚ್ಚಿಕೊಂಡು ನಿಲ್ಲುತ್ತಿತ್ತು. ತೆಳ್ಳಗಿನ ತುದಿಗಳು ಮಾತ್ರ ಹೋಗುತ್ತಿದ್ದವು. ಅತ್ತೆ ಆ ತುದಿಗಳನ್ನೇ ಎಡಗೈಯಿಂದ ಬಾಚಿ ಬುಟ್ಟಿಗೆ ಹಾಕಿಕೊಂಡರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅವರು ಎರಡು ದಿನಕ್ಕೆಂದು ತಂಗಿಯ ಮನೆಗೆ ಹೋದಾಗ, ಬರುವಷ್ಟರಲ್ಲಿ ನಲವತ್ತೂ ಸಸಿಗೆ ಕೌದಿ ಹೊಚ್ಚಿ ತೋರಿಸಬೇಕೆಂದು ಹಟ ಹತ್ತಿತು. ಬಣವೆಯಿಂದ ಕಣಿಕಿ ಎಳೆದು ಮಷಿನ್ನಿಗೆ ಕೊಟ್ಟೆ. ನಮ್ಮ ಕಡೆ ಭತ್ತದ ಹುಲ್ಲು ದಾರಿಯಲ್ಲೆಲ್ಲ ಬಿದ್ದಿರುತ್ತದೆ, ಯಾರೂ ತಿರುಗಿ ನೋಡುವುದಿಲ್ಲ. ಹುಲ್ಲೆಂದರೆ ಹುಲ್ಲು ಎಂದುಕೊಂಡಿದ್ದೆ.

ಎಂಥ ಚೆಂದದ ಕೌದಿ ಅದು. ಪ್ರತಿ ಸಸಿಯ ಸುತ್ತ ಬಂಗಾರದ ಬಣ್ಣದ ದುಂಡು ಹಾಸಿಗೆ. ಬುಟ್ಟಿ ಒಯ್ಯಲು ತೆಗೆದ ಬೇಲಿಯ ಮುಳ್ಳನ್ನು ಮತ್ತೆ ಮುಚ್ಚುವುದನ್ನೂ ಮರೆತು, ಬೇವಿನ ನೆರಳಲ್ಲಿ ಕೂತು ಅದನ್ನೇ ನೋಡುತ್ತ ನಿದ್ದೆ ಹೋದೆ. ಸುಗ್ಗಿ ಮುಗಿದ ಕಾಲ. ಊರ ದನವೆಲ್ಲ ಬಯಲಲ್ಲಿ ಬಿಡುಬೀಸಾಗಿ ಮೇಯುತ್ತಿದ್ದವು. ನಿದ್ದೆಯಲ್ಲಿ ಗಂಟೆಯ ಸದ್ದು, ಯಾರೋ ಮೆಲ್ಲಗೆ ಮೆಲುಕು ಹಾಕುವ ಸದ್ದು. ಎಚ್ಚರವಾದಾಗ ಇಪ್ಪತ್ತು ದನ ತೋಟದಲ್ಲಿದ್ದವು. ಸಣ್ಣಗೆ ಹೆಚ್ಚಿಟ್ಟ ಮೇವನ್ನು ಬಾಯಿತುಂಬ ತಿಂದು, ನಂಚಿಕೊಳ್ಳಲು ದಾಳಿಂಬೆಯ ಚಿಗುರನ್ನೂ ಕಚ್ಚುತ್ತಿದ್ದವು. ಓಡಿಸಿ ಬಂದು ನೋಡಿದರೆ ನಲವತ್ತು ಮೋಟು ಕಡ್ಡಿಗಳು.

ಸಂಜೆ ಅತ್ತೆ ಬಸ್ಸಿಳಿದು ನೇರ ತೋಟಕ್ಕೇ ಬಂದರು. ನನ್ನನ್ನೂ ನೋಡಿದರು, ಕಡ್ಡಿಗಳನ್ನೂ ನೋಡಿದರು. ಹಿಂದೆಯೇ ಮಾವನವರು ಬಂದರು. "ಯಾರು ಕಣಿಕಿ ಹಾಸಿದೋರು?"

ನಾನು ಬಾಯಿ ತೆಗೆಯುವ ಮೊದಲೇ ಅತ್ತೆ ಹೇಳಿದರು: "ನಾನ. ಹೋಗೂ ಮುಂದ ಹಾಸಂತ ಹೇಳಿ ಹೋಗಿದ್ದೆ. ಅಕಿ ಹಾಸ್ಯಾಳ."

ಮಾವ ನಕ್ಕರು. ಆ ನಗು ಬೈಗುಳಕ್ಕಿಂತ ಕೆಟ್ಟದಾಗಿತ್ತು. ಅತ್ತೆ ಒಂದೊಂದೇ ಮೋಟಿನ ಬುಡವನ್ನು ಉಗುರಿನಿಂದ ಕೆರೆದು ನೋಡಿ, "ಒಳಗ ಹಸರೈತಿ. ಮಳಿ ಬರೂ ಮಟ ಬಿಡ್ರಿ," ಎಂದರು. ಅವರ ದನಿಯಲ್ಲಿ ಬೇಡಿಕೆಯಿತ್ತು. ಯಾರಿಗೂ ತಲೆಬಾಗದ ಹೆಂಗಸು ನನಗಾಗಿ ಬೇಡಿಕೊಂಡರು.

ಆ ಬೇಸಿಗೆಯ ಮಧ್ಯಾಹ್ನಗಳೆಲ್ಲ ಒಂದೇ ಮಧ್ಯಾಹ್ನವಾಗಿ ಉಳಿದಿವೆ. ಬೇವಿನ ಕೆಳಗೆ ನಾನು ಕೊಡಲಿಯಿಂದ ಕಟಿಗೆ ಕಡಿಯುವುದು, ಪಕ್ಕದಲ್ಲಿ ಅತ್ತೆ ಎಡಗೈಯಿಂದ ತುಂಡು ಬಾಚಿ ಬುಟ್ಟಿಗೆ ಹಾಕುವುದು. ಒಮ್ಮೆ ನಾನು, "ಯಾಕ್ರಿ ಹಂಗಂದ್ರಿ ಅವತ್ತು," ಎಂದು ಕೇಳಿದೆ. "ನಾ ಬೈಸಿಕೊಂಡ್ರ ಒಂದ ದಿನ. ನೀ ಬೈಸಿಕೊಂಡ್ರ ಇಡೀ ಜನ್ಮ," ಎಂದರು. ರೋಹಿಣಿ ಮಳೆ ಬಿದ್ದ ಐದನೇ ದಿನಕ್ಕೆ ಮೋಟುಗಳ ಬುಡದಿಂದ ಕೆಂಪು ಚಿಗುರು ಬಂತು. ಮೂವತ್ತೊಂದು ಬದುಕಿದವು. ಅರ್ಧ ಎಕರೆ ಅತ್ತೆಯದೇ ಆಯಿತು. ಹಸಿರು ಮಷಿನ್ ಎತ್ತುಗಳ ಮೇವಿಗೆ ಉಳಿಯಿತು.

ಆದರೆ ಅವರ ಲೆಕ್ಕ ತಪ್ಪಿತ್ತು. ಒಂದು ದಿನಕ್ಕೆ ಮುಗಿಯಲಿಲ್ಲ. ಪ್ರತಿ ಯುಗಾದಿಗೆ ಮಾವ, "ಈ ವರ್ಷನೂ ದನಕ್ಕ ಊಟಾ ಹಾಕಸ್ತೀಯೇನ," ಎಂದು ಮಂದಿಯ ಮುಂದೆ ಕೆಣಕುವರು. ಅತ್ತೆ ಸೆರಗು ಬಾಯಿಗೆ ಹಿಡಿದು ನಕ್ಕುಬಿಡುವರು. ನಾನು ಪ್ರತಿ ವರ್ಷ ಒಳಗೆ ಹೋಗಿ ಯಾವುದೋ ಪಾತ್ರೆ ತಿಕ್ಕುವೆ.

ಎಂಬತ್ತರ ದಶಕದ ಕೊನೆಯಲ್ಲಿ, ಮೂರು ದಿನದ ಜ್ವರಕ್ಕೆ ಅತ್ತೆ ಹೋದರು. ಮಾತಾಡಿಸಲು ಬಂದವರ ನಡುವೆ ಮಾವ ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದರು: "ಇಷ್ಟು ವರ್ಷ ಒಕ್ಕಲುತನ ಮಾಡಿದಾಕಿ, ಒಂದ ತಪ್ಪು ಮಾಡಿದ್ಲು ನೋಡ್ರಿ. ಗಿಡದ ಬುಡಕ್ಕ ಕಣಿಕಿ ಹಾಸಿಸಿದ್ಲು."

ನನಗೆ ತಡೆಯಲಾಗಲಿಲ್ಲ. "ಅದು ಅತ್ತಿ ಅಲ್ರಿ ಮಾವಾರ. ಅವರು ಹೇಳಿರಲಿಲ್ಲ. ನಾನ ಹಾಸಿದ್ದೆ," ಎಂದೆ.

ಮಾವ ನನ್ನ ಮುಖ ನೋಡಿ, ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡರು. "ನೋಡ್ರಿ, ಸತ್ತಾಕಿ ತಪ್ಪನ್ನೂ ತನ್ನ ಮೈಮ್ಯಾಲೆ ಹಾಕ್ಕೊಳ್ಳಾಕತ್ತಾಳ," ಎಂದರು.

"ಖರೇವಂದ್ರೂ ನಾನ್ರಿ," ಎಂದೆ. ಪಕ್ಕದಲ್ಲಿದ್ದ ಹೆಂಗಸರು ನನ್ನ ಕೈ ಹಿಡಿದುಕೊಂಡು ಅತ್ತರು. ಸೊಸಿ ಅಂದ್ರ ಹಿಂಗಿರಬೇಕು ಎಂದರು. ಅವತ್ತಿನಿಂದ ಊರಲ್ಲಿ ನನಗೆ ಒಳ್ಳೆಯ ಸೊಸೆ ಎಂಬ ಹೆಸರಿದೆ.